ಹೊಸ್ತಿಲ ಮೇಲೆ ಹೂವು
ಕುಮಾವೂಂ ಬೆಟ್ಟದ ಹಳ್ಳಿಗಳಲ್ಲಿ ಐದು ದಿನದ ಕಾಲ್ನಡಿಗೆ

“ಈ ಮಂಡಿ ಇಟ್ಕೊಂಡು ನೀನು ಹಿಮಾಲಯ ಹತ್ತುತ್ತೀಯಾ?”

ಊಟಕ್ಕೆ ಕೂತಿದ್ದ ನಮ್ಮನೆಯವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೇಳಿದರು. ಮಗ ನಕ್ಕ. ಸೊಸೆ ಮಾತ್ರ ನಗಲಿಲ್ಲ. “ಅತ್ತೆ ಹೋಗಿ ಬರಲಿ, ಮನೆ ನಾನು ನೋಡ್ಕೋತೀನಿ” ಎಂದಳು. ಅಲ್ಲಿಗೆ ನನ್ನ ಪ್ರಯಾಣ ನಿಶ್ಚಯವಾಯಿತು ಅನ್ನಿ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದರೆ ಇದೇ ಪ್ರಶ್ನೆ ಬರುತ್ತಿತ್ತಲ್ಲವೇ? ನಾವು ಪ್ರವಾಸ ಹೋಗುವುದೇ ಅಪರೂಪ. ಹೋದರೂ ಧರ್ಮಸ್ಥಳ, ತಿರುಪತಿ, ಮದುವೆ, ಗೃಹಪ್ರವೇಶ. ಅಲ್ಲಿಯೂ ಮಕ್ಕಳ ಸ್ವೆಟರು, ಹಿರಿಯರ ಮಾತ್ರೆ, ಬುತ್ತಿಯ ಡಬ್ಬಿ, ಎಲ್ಲ ನಮ್ಮ ಹೆಗಲಿಗೇ. ಐವತ್ತಮೂರು ವರ್ಷದಲ್ಲಿ ನಾನು ನನಗಾಗಿಯೇ ಎಂದು ಹೊರಟದ್ದು ಇದೇ ಮೊದಲು. ಹಾಲಿನ ಡೈರಿಯಿಂದ ಬಂದ ದುಡ್ಡನ್ನು ಮೂರು ವರ್ಷ ಕೂಡಿಟ್ಟಿದ್ದೆ. ಜೊತೆಗೆ ನನ್ನ ಓರಗಿತ್ತಿ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ಧೈರ್ಯದಲ್ಲಿ ಮಾತ್ರ ಹತ್ತು ವರ್ಷ ದೊಡ್ಡವಳು.

2023ರ ಮಾರ್ಚ್ ತಿಂಗಳು. ನಮ್ಮ ಶಿರಸಿ ಸೀಮೆಯಲ್ಲಿ ಅಡಕೆ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾಗುವ ಕಾಲ. ರೈಲಿನಲ್ಲಿ ದಿಲ್ಲಿ, ಅಲ್ಲಿಂದ ರಾತ್ರಿಯ ರೈಲು ಹಿಡಿದು ಕಾಠಗೋದಾಮ್. ರೈಲು ಹಳಿ ಅಲ್ಲಿಗೆ ಮುಗಿಯುತ್ತದೆ, ಬೆಟ್ಟ ಅಲ್ಲಿಂದ ಶುರುವಾಗುತ್ತದೆ. 1884ರಲ್ಲೇ ರೈಲು ಕಂಡ ಊರಂತೆ ಅದು. ಮುಂದೆ ಜೀಪಿನಲ್ಲಿ ತಿರುವಿನ ಮೇಲೆ ತಿರುವು ಸುತ್ತಿ ಅಲ್ಮೋರಾ ತಲುಪುವಷ್ಟರಲ್ಲಿ ಓರಗಿತ್ತಿ ಮೂರು ನಿಂಬೆಹಣ್ಣು ಮೂಸಿ ಮುಗಿಸಿದ್ದಳು.

ಹಳ್ಳಿಯಿಂದ ಹಳ್ಳಿಗೆ

ನೀವು ಅಂದುಕೊಳ್ಳುವಂತೆ ಇದು ಹಗ್ಗ ಕಟ್ಟಿ ಹಿಮ ಹತ್ತುವ ಸಾಹಸವಲ್ಲ. ಅಲ್ಮೋರಾದ ಹತ್ತಿರ ಬಿನ್ಸರ್ ಎಂಬ ಅಭಯಾರಣ್ಯವಿದೆ. 1988ರಲ್ಲಿ ಆದದ್ದು, ಹಬ್ಬಿರುವುದು ಸುಮಾರು 47 ಚದರ ಕಿಲೋಮೀಟರು. ಅದರ ಒಳಗೂ ಅಂಚಿನಲ್ಲೂ ದಲಾರ್, ರಿಸಾಲ್, ಗೋನಾಪ್, ಕಠಧಾರಾ, ಸತ್ರಿಯಂಥ ಪುಟ್ಟ ಹಳ್ಳಿಗಳು. ಬೆಳಿಗ್ಗೆ ಒಂದು ಹಳ್ಳಿಯಿಂದ ಹೊರಟು ಕಾಡಿನ ಕಾಲುದಾರಿಯಲ್ಲಿ ನಡೆದು ಸಂಜೆಯೊಳಗೆ ಇನ್ನೊಂದು ಹಳ್ಳಿ ಸೇರುವುದು. ಅಲ್ಲಿ ಊರಿನವರೇ ಸೇರಿ ನಡೆಸುವ ಅತಿಥಿಮನೆಯಲ್ಲಿ ಊಟ, ನಿದ್ದೆ. ದಾರಿ ತೋರಿಸುವ ಹುಡುಗನೂ, ನಮ್ಮ ಚೀಲ ಹೊರುವವನೂ ಅದೇ ಸೀಮೆಯವರು. ಹಣ ದಲ್ಲಾಳಿಯ ಪಾಲಾಗದೆ ಬಹುಪಾಲು ಅಲ್ಲೇ ಉಳಿಯುತ್ತದೆ.

ನಮ್ಮ ಗೈಡ್ ಹುಡುಗನಿಗೆ ಇಪ್ಪತ್ತಾರು ವರ್ಷ. ಮೂರು ವರ್ಷ ದಿಲ್ಲಿಯ ಹೋಟೆಲಿನಲ್ಲಿ ತಟ್ಟೆ ತೊಳೆದು, ಬೇಡವೆಂದು ಊರಿಗೆ ಮರಳಿದವನು. ನಮ್ಮನ್ನು “ದೀದಿ” ಎಂದು ಕರೆಯುತ್ತಿದ್ದ. ನನಗೆ ತಿಳಿದಿದ್ದದ್ದು ಶಾಲೆಯಲ್ಲಿ ಹಿಂದಿ ಪ್ರಥಮಾ, ಮಧ್ಯಮಾ ಪರೀಕ್ಷೆ ಕಟ್ಟಿದಾಗ ಕಲಿತ ಪುಸ್ತಕದ ಹಿಂದಿ. ನಾನು ಬಾಯಿ ತೆರೆದರೆ ಅವನಿಗೆ ಆಕಾಶವಾಣಿಯ ವಾರ್ತೆ ಕೇಳಿದಂತಾಗುತ್ತಿತ್ತಂತೆ!

ಮೊದಲ ದಿನವೇ ಬಿದ್ದೆ. ಏರು ಹೇಗೋ ಹತ್ತಿದೆ. ಇಳಿಯುವಾಗ ದಾರಿಯ ತುಂಬ ಉದ್ದುದ್ದ ಸೂಜಿಯಂಥ ಒಣ ಎಲೆ. ಚೀಡ್ ಮರದ್ದು, ಅಂದರೆ ಪೈನ್. ಅದಕ್ಕೆ ‘ಪಿರೂಲ್’ ಅನ್ನುತ್ತಾರೆ. ಎಣ್ಣೆ ಸವರಿದ ನೆಲದಂತೆ ಜಾರುತ್ತದೆ. ನಾನು ಕೂತಲ್ಲೇ ನಾಲ್ಕು ಮಾರು ಜಾರಿ ಹೋದೆ. ಎದುರಿನಿಂದ ತಲೆಯ ಮೇಲೆ ಹುಲ್ಲಿನ ದೊಡ್ಡ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು ನಕ್ಕಳು. ಆಮೇಲೆ ಹೊರೆ ಇಳಿಸದೆಯೇ ಕೈ ಚಾಚಿ ನನ್ನನ್ನು ಎಬ್ಬಿಸಿದಳು. “ಸೀದಾ ಇಳಿಯಬೇಡ. ಪಾದ ಅಡ್ಡ ಇಡು, ಮಂಡಿ ಸ್ವಲ್ಪ ಬಗ್ಗಿಸು, ಕಣ್ಣು ಹೆಜ್ಜೆಯ ಮೇಲಿರಲಿ” ಎಂದು ತಾನೇ ನಡೆದು ತೋರಿಸಿದಳು. ಉಳಿದ ನಾಲ್ಕು ದಿನ ನನ್ನನ್ನು ಕಾಪಾಡಿದ್ದು ಆ ಪಾಠವೇ.

ನಮ್ಮ ಸೊಪ್ಪಿನಬೆಟ್ಟ, ಅವರ ಬಾಂಜ್

ಎರಡನೆಯ ದಿನ ಪೈನ್ ಮುಗಿದು ಬೇರೆಯೇ ಕಾಡು ಬಂತು. ದಟ್ಟ ನೆರಳು, ಹಾವಸೆ ಹಿಡಿದ ಕೊಂಬೆಗಳು, ಕಾಲಿಟ್ಟರೆ ಮೆತ್ತಗಿನ ಕಪ್ಪು ಮಣ್ಣು. ‘ಬಾಂಜ್’ ಎಂಬ ಓಕ್ ಮರಗಳ ಕಾಡು. ನಡುನಡುವೆ ಕೆಂಪು ಹೂ ಹೊತ್ತ ಬುರಾಂಶ್. ನಾವು ದಾಸವಾಳದ ಗಿಡಕ್ಕೆ ಹತ್ತು ಹೂ ಬಂದರೆ ಹಿಗ್ಗುತ್ತೇವೆ. ಅಲ್ಲಿ ಮರಕ್ಕೆ ಮರವೇ ಕೆಂಪಾಗಿ ನಿಂತಿತ್ತು! ಆ ಹೂವಿನ ಶರಬತ್ತು ಮಾಡುತ್ತಾರೆ. ಹುಳಿ ಸಿಹಿ ಸೇರಿ ಪುನರ್ಪುಳಿ ಪಾನಕ ನೆನಪಾಯಿತು.

ಹೆಂಗಸರು ಬಾಂಜ್ ಮರದ ಸೊಪ್ಪು ಕಡಿದು ಹೊರೆ ಕಟ್ಟುತ್ತಿದ್ದರು. ಹಸಿ ಸೊಪ್ಪು ದನದ ಬಾಯಿಗೆ. ಉದುರಿದ ಎಲೆ ಕೊಟ್ಟಿಗೆಗೆ ಹಾಸಲು, ಆಮೇಲೆ ಗೊಬ್ಬರವಾಗಿ ಗದ್ದೆಗೆ. ನೋಡಿ ನನಗೆ ಮಾತೇ ಹೊರಡಲಿಲ್ಲ. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು, ದರಕು ಗುಡಿಸಿ ಕೊಟ್ಟಿಗೆಗೆ ಹಾಸುವ ನಮ್ಮ ಕಡೆಯ ಬದುಕೇ ಅದು. ಎರಡು ಸಾವಿರ ಕಿಲೋಮೀಟರಿಗೂ ದೂರ ಬಂದು ನಮ್ಮ ಹಿತ್ತಲಿಗೇ ಬಂದ ಹಾಗಾಯಿತು.

ಬಾಂಜ್ ಕಾಡು ಮಳೆಯ ನೀರನ್ನು ನೆಲದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಬುಡದಲ್ಲೇ ‘ನೌಲಾ’ಗಳಿರುವುದು. ಅಂದರೆ ಕಲ್ಲಿನ ಗೋಡೆ, ಕಲ್ಲಿನ ಮಾಡು ಕಟ್ಟಿ, ಒಳಗೆ ಮೆಟ್ಟಿಲಿಟ್ಟ ಒರತೆ. ಮದುವೆಯಾಗಿ ಬಂದ ಸೊಸೆ ಮೊದಲು ಹೋಗಿ ನೀರಿಗೆ ಪೂಜೆ ಮಾಡಬೇಕು. ನಮ್ಮ ಗಂಗೆಪೂಜೆಯ ಹಾಗೇ. ಬಾಂಜ್ ಹೋಗಿ ಪೈನ್ ಹಬ್ಬಿದಲ್ಲಿ ಒರತೆ ಸೊರಗುತ್ತದೆ, ಬೇಸಿಗೆಯಲ್ಲಿ ಒಣ ಪಿರೂಲ್‌ಗೆ ಬೆಂಕಿ ಬೀಳುತ್ತದೆ ಎಂದು ಹುಡುಗ ಹೇಳಿದ. ನೀರು ದೂರವಾದರೆ ಯಾರ ಕಾಲು ಸವೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದೇ ಬೆಟ್ಟಸಾಲಿನ ಆಚೆ ಬದಿಯ ಗಢವಾಲದಲ್ಲಿ, 1974ರಲ್ಲಿ ರೇಣಿ ಎಂಬ ಹಳ್ಳಿಯ ಹೆಂಗಸರು ಗೌರಾದೇವಿಯ ಹಿಂದೆ ನಿಂತು ಮರ ಕಡಿಯಲು ಬಂದವರನ್ನು ತಡೆದರು. ಚಿಪ್ಕೋ ಎಂದು ಲೋಕವೆಲ್ಲ ಹೆಸರಾಯಿತು. ಒಂಬತ್ತು ವರ್ಷದ ನಂತರ, 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ಬಳಿಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡರು. ಅದೇ ನಮ್ಮ ಅಪ್ಪಿಕೋ. ಆಗ ನಾನು ಹೈಸ್ಕೂಲಿನ ಹುಡುಗಿ. ಆ ಸುದ್ದಿಯನ್ನು ಅಮ್ಮ ಮಜ್ಜಿಗೆ ಕಡೆಯುತ್ತ ಹೇಳಿದ್ದು ನೆನಪಿದೆ. “ನಮ್ಮೂರಲ್ಲೂ ಹೆಂಗಸರು ಮರ ತಬ್ಬಿದ್ದಾರೆ” ಎಂದು ನಾನು ಹಿಂದಿಯಲ್ಲಿ ಹೇಳಿದಾಗ ಸೊಪ್ಪು ಕಡಿಯುತ್ತಿದ್ದ ಮುದುಕಿ ಕತ್ತಿ ಕೆಳಗಿಟ್ಟು ಬಂದು ನನ್ನ ಗಲ್ಲ ಸವರಿದಳು.

ಒಲೆಯ ಮುಂದೆ

ಮೂರನೆಯ ದಿನ ತಲುಪಿದ ಊರಿನ ಹೆಸರು ಬೇಡ. ಹದಿನೇಳು ಮನೆ, ಆರರಲ್ಲಿ ಮಾತ್ರ ಹೊಗೆ. ಉಳಿದವಕ್ಕೆ ಬೀಗ. ಕೆತ್ತನೆಯ ಬಾಗಿಲು, ಕಲ್ಲುಚಪ್ಪಡಿಯ ಮಾಡು, ಅಂಗಳದಲ್ಲಿ ಆಳೆತ್ತರದ ಹುಲ್ಲು. ಜನ ದಿಲ್ಲಿಗೆ, ಹಲ್ದ್ವಾನಿಗೆ ಹೋದವರು ತಿರುಗಿ ಬಂದಿಲ್ಲ. 2001ರಿಂದ 2011ರ ನಡುವೆ ದೇಶದ ಒಟ್ಟು ಜನಸಂಖ್ಯೆ ಏರಿದರೂ ಅಲ್ಮೋರಾ ಜಿಲ್ಲೆಯಲ್ಲಿ ಇಳಿಯಿತು ಎಂದು ಜನಗಣತಿಯೇ ಹೇಳುತ್ತದೆ.

ಅಂದು ಅಡಿಗೆಯ ಸರದಿ ಇದ್ದದ್ದು ನಲವತ್ತರ ಆಸುಪಾಸಿನ ಗೃಹಿಣಿಯದು. ಗಂಡ ಹೊರಗೆ ಕೆಲಸದಲ್ಲಿ. ಮನೆಯಲ್ಲಿ ವಯಸ್ಸಾದ ಅತ್ತೆ ಮತ್ತು ಹನ್ನೆರಡನೆಯ ತರಗತಿಯ ಮಗಳು. ನಾವಿಬ್ಬರೂ ಸುಮ್ಮನೆ ಕೂರುವವರೇ? ಒಲೆಯ ಮುಂದೆ ಹೋಗಿ ಕೂತೆವು.

ಕಪ್ಪನೆ ಹಿಟ್ಟು ನಾದುತ್ತಿದ್ದಳು. “ಮಡುವಾ” ಎಂದಳು. ಮುಟ್ಟಿ ನೋಡಿದರೆ ನಮ್ಮ ರಾಗಿ! ಬಾಣಲೆಯಲ್ಲಿ ಕುದಿಯುತ್ತಿದ್ದದ್ದು ‘ಗಹತ್’, ಅಂದರೆ ನಮ್ಮ ಹುರುಳಿ. ಹುರುಳಿ ತಿಂದರೆ ಕಲ್ಲು ಕರಗುತ್ತದೆ ಎಂಬ ನಂಬಿಕೆ ಅಲ್ಲಿಯೂ ಇದೆ. ಪಕ್ಕದಲ್ಲಿ ಬೂದು ಬಣ್ಣದ ಚಟ್ನಿ. ಏನೆಂದು ಕೇಳಿದರೆ “ಭಾಂಗ್” ಎಂದಳು. ಓರಗಿತ್ತಿ ತಟ್ಟೆಯನ್ನೇ ಹಿಂದೆ ಸರಿಸಿ, “ಅಕ್ಕಾ, ಭಂಗಿಯಂತೆ! ಊರಿಗೆ ಹೋಗಿ ಏನು ಹೇಳೂದು?” ಎಂದಳು. ಆ ಮನೆಯ ಮೂವರೂ ಹೊಟ್ಟೆ ಹಿಡಿದು ನಕ್ಕರು. ಹುರಿದು ಅರೆಯುವುದು ಅದರ ಬೀಜವನ್ನು ಮಾತ್ರ. ಅಮಲು ಇರುವುದು ಎಲೆ, ಹೂವಿನಲ್ಲಿ, ಬೀಜದಲ್ಲಿ ಅಲ್ಲ. ನಿಂಬೆರಸ ಹಿಂಡಿದ ಆ ಚಟ್ನಿ ನಮ್ಮ ಹುಚ್ಚೆಳ್ಳು ಚಟ್ನಿಯ ತಂಗಿಯಂತಿತ್ತು.

ಬಾಗಿಲ ಬಳಿ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬೆರಳಿನಿಂದಲೇ ಬರೆದ ಚಿತ್ತಾರ. ‘ಐಪಣ್’ ಅದರ ಹೆಸರು. ನಮ್ಮ ಮಲೆನಾಡಿನ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೂ ಅದೇ ಕೆಮ್ಮಣ್ಣು, ಅದೇ ಅಕ್ಕಿಹಿಟ್ಟು.

ಊಟವಾದ ಮೇಲೆ ಅವಳು ನನ್ನನ್ನು ಕೇಳಿದಳು: “ನೀನು ಇಲ್ಲಿದ್ದೀಯ. ಅಲ್ಲಿ ಅಡಿಗೆ ಯಾರು ಮಾಡ್ತಾರೆ?”

“ಸೊಸೆ.”

“ನಿನ್ನ ಸೊಸೆ ಎಲ್ಲಿಗೆ ಹೋಗ್ತಾಳೆ?”

ಸೋದರಿಯರೇ, ನನಗೆ ಉತ್ತರ ಹೊಳೆಯಲಿಲ್ಲ. ನಾನು ಹೊರಟ ಸಂಭ್ರಮದಲ್ಲಿ ಅದನ್ನು ಯೋಚಿಸಿಯೇ ಇರಲಿಲ್ಲ.

ಅವಳಿಗೆ ನನ್ನನ್ನು ಚುಚ್ಚುವ ಉದ್ದೇಶವಿರಲಿಲ್ಲ. ತನ್ನ ಮಾತಿಗೆ ಬಂದಳು. ಚೈತ್ರ ಮಾಸದಲ್ಲಿ ಕುಮಾವೂಂದಲ್ಲಿ ‘ಭಿಟೌಲಿ’ ಎಂದು ಪದ್ಧತಿ. ಮದುವೆಯಾದ ಹೆಣ್ಣುಮಗಳನ್ನು ನೋಡಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು. ಸೀರೆ, ಸಿಹಿತಿಂಡಿ ತರಬೇಕು. ನಮಗೆ ಗೌರಿಹಬ್ಬಕ್ಕೆ ತವರಿನ ಬಾಗಿನ ಬರುವ ಹಾಗೆ. “ಅಣ್ಣ ದಿಲ್ಲಿಯಲ್ಲಿದ್ದಾನೆ. ಆರು ವರ್ಷವಾಯ್ತು, ಫೋನಿನಲ್ಲೇ ದುಡ್ಡು ಹಾಕ್ತಾನೆ. ದುಡ್ಡು ಬರುತ್ತೆ, ಅಣ್ಣ ಬರಲ್ಲ” ಎಂದಳು. ಅತ್ತೆ ಒಲೆಯ ಕೊಳ್ಳಿ ಸರಿಸುತ್ತ ಸುಮ್ಮನೆ ಕೂತಿದ್ದರು.

ಮಗಳಿಗೆ ನರ್ಸಿಂಗ್ ಓದುವ ಆಸೆ. ಅದಕ್ಕೆ ಹಲ್ದ್ವಾನಿಗೆ ಹೋಗಬೇಕು. ಅತಿಥಿಮನೆಯ ಸರದಿಯಿಂದ ಬಂದ ದುಡ್ಡನ್ನು ತಾಯಿ ಕೂಡಿಡುತ್ತಿರುವುದು ಅದಕ್ಕೇ. ನಮ್ಮಂಥವರು ಬಂದರೆ ಊರು ಉಳಿಯುತ್ತದೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನಾನು ಕೊಟ್ಟ ದುಡ್ಡಿನಲ್ಲೇ ಆ ಊರಿನ ಇನ್ನೊಂದು ಹುಡುಗಿ ಬೆಟ್ಟ ಇಳಿಯುತ್ತಾಳೆ! “ಕಳಿಸಬೇಕು ಅನ್ನಿಸುತ್ತಾ?” ಎಂದೆ. “ನಾನು ಹದಿನೆಂಟಕ್ಕೆ ಹುಲ್ಲಿನ ಹೊರೆ ಹೊತ್ತವಳು. ಅವಳ ತಲೆ ಮೇಲೆ ಅದು ಬೇಡ. ಹೋಗಲಿ. ಆದರೆ ಅವಳು ಹೋದ ದಿನ ಈ ಮನೆಯಲ್ಲಿ ನಾವಿಬ್ಬರೇ” ಎಂದಳು. ಎರಡೂ ನಿಜ. ನಮ್ಮ ಕಡೆಯ ಹಳ್ಳಿಮನೆಗಳಲ್ಲೂ ಮಕ್ಕಳನ್ನೆಲ್ಲ ಬೆಂಗಳೂರಿಗೆ ಕಳಿಸಿ, ದೊಡ್ಡ ಜಗಲಿಯಲ್ಲಿ ಇಬ್ಬರೇ ಕೂತಿರುವ ಅಪ್ಪ ಅಮ್ಮಂದಿರು ಎಷ್ಟಿಲ್ಲ?

ಬೀಗ ಹಾಕಿದ ಬಾಗಿಲಿಗೂ

ಮರುದಿನ ಮೀನ ಸಂಕ್ರಮಣ. ಅವರ ಚೈತ್ರ ಅಂದೇ ಆರಂಭ. ಬೆಳಗಿನ ಚಳಿಯಲ್ಲಿ ಮಕ್ಕಳ ಧ್ವನಿ ಕೇಳಿ ಎಚ್ಚರವಾಯಿತು. ಅಂದು ‘ಫೂಲ್ ದೇಯಿ’ ಹಬ್ಬ. ಮಕ್ಕಳು ಬುಟ್ಟಿಯಲ್ಲಿ ಹೊಸ ಹೂ ತುಂಬಿಕೊಂಡು ಮನೆಮನೆಗೆ ಹೋಗಿ ಹೊಸ್ತಿಲಿಗೆ ಹೂ ಹಾಕುತ್ತಾರೆ. ಈ ಬಾಗಿಲು ಚೆನ್ನಾಗಿರಲಿ, ಕಣಜ ತುಂಬಿರಲಿ ಎಂದು ಹಾಡಿ ಹರಸುತ್ತಾರೆ. ಮನೆಯವರು ಅಕ್ಕಿ, ಬೆಲ್ಲ, ಕಾಸು ಕೊಟ್ಟು ಕಳಿಸಬೇಕು.

ಇಡೀ ಊರಿಗೆ ಮಕ್ಕಳು ನಾಲ್ಕೇ. ಅತಿಥಿಮನೆಯ ಹೊಸ್ತಿಲಿಗೂ ಹಳದಿ ಪ್ಯೋಲಿ ಹೂವು, ಕೆಂಪು ಬುರಾಂಶ್ ಬಿದ್ದವು. ಓರಗಿತ್ತಿ ಗಡಿಬಿಡಿಯಲ್ಲಿ ನಮ್ಮ ಬುತ್ತಿಯ ಚಕ್ಕುಲಿಯನ್ನೇ ಬುಟ್ಟಿಗೆ ಸುರಿದಳು. ಮಕ್ಕಳು ಮುಂದೆ ಹೋದರು. ಹಿಂದೆಯೇ ನಾನು ನೋಡುತ್ತ ಹೋದೆ.

ಬೀಗ ಹಾಕಿದ ಮನೆ ಬಂತು. ದಾಟಿ ಹೋಗುತ್ತಾರೆ ಅಂದುಕೊಂಡೆ. ದಾಟಲಿಲ್ಲ. ಎಲ್ಲರಿಗಿಂತ ಚಿಕ್ಕ ಹುಡುಗಿ ಆಳೆತ್ತರದ ಹುಲ್ಲು ಸರಿಸಿ ಹೋಗಿ, ಆ ಹೊಸ್ತಿಲಿಗೂ ಒಂದು ಹಿಡಿ ಹೂ ಹಾಕಿದಳು. ನಾಲ್ವರೂ ನಿಂತು ಆ ಮುಚ್ಚಿದ ಬಾಗಿಲಿಗೂ ಪೂರ್ತಿ ಹಾಡಿದರು. ಹೀಗೆ ಹನ್ನೊಂದು ಬೀಗದ ಮನೆಗೂ.

“ಅಲ್ಲಿ ಯಾರಿದ್ದಾರೆ ಅಂತ ಹಾಕ್ತೀರಿ?” ಎಂದು ಕೇಳಿದೆ.

“ಬಂದಾಗ ಹೊಸ್ತಿಲು ಬರಿದಾಗಿರಬಾರದಲ್ಲ” ಎಂದಿತು ಆ ಮಗು.

ಅವಳ ಹಿಂದೆ ನಿಂತಿದ್ದ ನಮ್ಮ ಮನೆಯೊಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೂ.

ತವರಿಗೆ ಬರುವ ದೇವಿ

ಕೊನೆಯ ದಿನ ಮುಂಜಾವಿನಲ್ಲೇ ಹೊರಟು ಜೀರೋ ಪಾಯಿಂಟ್ ಎಂಬ ಎತ್ತರಕ್ಕೆ ಹೋದೆವು. ಸುಮಾರು 2,400 ಮೀಟರು. ಉಸಿರಿಗೆ ತೊಂದರೆಯಾಗುವಷ್ಟು ಎತ್ತರವಲ್ಲ, ಆದರೆ ಮಂಡಿ ಮಾತಾಡಿತು. ಮೂರು ಸಲ ಕೂತೆ. ಹುಡುಗ ಒಂದು ಸಲವೂ “ಬೇಗ” ಎನ್ನಲಿಲ್ಲ.

ಮೇಲೆ ಹೋಗಿ ತಲೆ ಎತ್ತಿದರೆ, ಉತ್ತರದ ಅಂಚಿಗೆ ಬೆಳ್ಳಿಯ ಸಾಲು. ತ್ರಿಶೂಲ 7,120 ಮೀಟರು, ನಂದಾದೇವಿ 7,816 ಮೀಟರು, ಪೂರ್ವಕ್ಕೆ ಪಂಚಚೂಲಿ. ಮೊದಲ ಬಿಸಿಲಿಗೆ ಶಿಖರಗಳು ಕೆಂಪಾಗಿ, ನೋಡುನೋಡುತ್ತಿದ್ದಂತೆ ಬಿಳುಪಾದವು.

ನಂದಾದೇವಿ ಎಂದರೆ ಅವರಿಗೆ ಪಾರ್ವತಿ. ಈ ಬೆಟ್ಟದ ಮನೆಮಗಳು. ಕೈಲಾಸಕ್ಕೆ ಮದುವೆಯಾಗಿ ಹೋದವಳು. ಭಾದ್ರಪದದಲ್ಲಿ ಅಲ್ಮೋರಾದಲ್ಲಿ ಅವಳ ಜಾತ್ರೆ ನಡೆಯುತ್ತದೆ. ಅದೇ ಭಾದ್ರಪದದಲ್ಲಿ ನಮ್ಮ ಗೌರಿಯೂ ತವರಿಗೆ ಬರುತ್ತಾಳಲ್ಲವೇ? ಆ ಬೆಟ್ಟದ ಮುಂದೆ ನಿಂತು ನಾವಿಬ್ಬರೂ ಕೈಮುಗಿದೆವು. ಓರಗಿತ್ತಿ ಚೀಲದಿಂದ ಕುಂಕುಮ ತೆಗೆದು ನನ್ನ ಹಣೆಗಿಟ್ಟಳು.

ಮರುವರ್ಷ, 2024ರ ಜೂನಿನಲ್ಲಿ ಬಿನ್ಸರ್ ಕಾಡಿಗೆ ಬೆಂಕಿ ಬಿತ್ತು. ಆರಿಸಲು ಹೋದ ಅರಣ್ಯ ಸಿಬ್ಬಂದಿಯಲ್ಲಿ ನಾಲ್ವರು ಅಂದೇ ತೀರಿಕೊಂಡರು. ಸುಟ್ಟ ಗಾಯವಾದವರಲ್ಲೂ ಜೀವ ಹೋಯಿತು. ಟಿವಿಯಲ್ಲಿ ನೋಡಿ ಗೈಡ್ ಹುಡುಗನಿಗೆ ಫೋನು ಮಾಡಿದೆ. ಅವನು ಹಳ್ಳಿಯವರ ಜೊತೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗಿದ್ದ. ನಮ್ಮ ಮನೆಯೊಡತಿಯ ಊರು ಉಳಿದಿತ್ತು. ಅವಳ ಮಗಳು ಹಲ್ದ್ವಾನಿಗೆ ಹೋಗಿದ್ದಳು.

ಇನ್ನೊಂದು ಮಾತು. ಊರಿಗೆ ಬಂದ ವಾರಕ್ಕೆ ನಾನು ಸೊಸೆಯನ್ನು ಕೇಳಿದೆ: “ನಿನಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತೆ?” ಅವಳು ಯೋಚಿಸಲೇ ಇಲ್ಲ. “ಹಂಪಿಗೆ. ಗೆಳತಿಯರ ಜೊತೆ” ಎಂದಳು. ಎಷ್ಟು ವರ್ಷದಿಂದ ಆ ಮಾತು ನಾಲಿಗೆಯ ತುದಿಯಲ್ಲಿತ್ತೋ! ಆ ಮೂರು ದಿನ ಅಡಿಗೆ ನಾನೇ ಮಾಡಿದೆ. ಸೋದರಿಯರೇ, ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.

ಹೊರಡುವವರಿಗೆ ನಾಲ್ಕು ಮಾತು

ಕಾಲ: ಮಾರ್ಚ್‌ನಲ್ಲಿ ಬುರಾಂಶ್ ಹೂವು ಸಿಗುತ್ತದೆ. ಹಿಮಶಿಖರ ನಿಚ್ಚಳವಾಗಿ ಕಾಣುವುದು ಅಕ್ಟೋಬರ್, ನವೆಂಬರಿನಲ್ಲಿ. ಜುಲೈ, ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿಯುತ್ತದೆ, ಹೋಗಬೇಡಿ.

ಮಂಡಿ: ಎರಡು ತಿಂಗಳು ಮೊದಲೇ ದಿನಾ ಒಂದು ಗಂಟೆ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಕೈಗೊಂದು ಕೋಲು ಇರಲೇಬೇಕು.

ಉಡುಪು: ಸೀರೆಯ ಹಟ ಬೇಡ, ಚೂಡಿದಾರ ಅನುಕೂಲ. ಹೊಸ ಬೂಟು ಊರಲ್ಲೇ ಹದಿನೈದು ದಿನ ಹಾಕಿ ಪಳಗಿಸಿ. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಸ್ವೆಟರು ಮೇಲು.

ನಡತೆ: ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗಬೇಡಿ, ಚಿರತೆಗಳಿವೆ. ಪ್ಲಾಸ್ಟಿಕ್ಕನ್ನು ಬೆಟ್ಟದಲ್ಲಿ ಬಿಡದೆ ಹಿಂದಕ್ಕೆ ತನ್ನಿ. ಕೇಳದೆ ಫೋಟೋ ತೆಗೆಯಬೇಡಿ.

ಬೆಟ್ಟದ ಹುರುಳಿ ದಾಲ್

ಬೇಕಾಗುವುದು: ಹುರುಳಿಕಾಳು 1 ಲೋಟ, ಅಕ್ಕಿ 1 ದೊಡ್ಡ ಚಮಚ, ಬೆಳ್ಳುಳ್ಳಿ 6 ಎಸಳು, ಶುಂಠಿ 1 ಇಂಚು, ಹಸಿಮೆಣಸು 2, ಅರಿಶಿನ, ಕೊತ್ತಂಬರಿ ಪುಡಿ, ಉಪ್ಪು. ಒಗ್ಗರಣೆಗೆ ತುಪ್ಪ, ಜೀರಿಗೆ, ಒಣಮೆಣಸು, ಇಂಗು.

ಮಾಡುವ ವಿಧಾನ: ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಅರಿಶಿನ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಬೆಂದ ನೀರು ಚೆಲ್ಲಬೇಡಿ. ಅಕ್ಕಿಯನ್ನು ಒಂದು ಗಂಟೆ ನೆನೆಸಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಜೊತೆ ನುಣ್ಣಗೆ ಅರೆದು ನೀರು ಸೇರಿಸಿ ಕಲಸಿಡಿ. ಕಬ್ಬಿಣದ ಬಾಣಲೆಯಲ್ಲಿ ತುಪ್ಪದ ಒಗ್ಗರಣೆ ಸಿಡಿಸಿ ಬೆಂದ ಹುರುಳಿ, ಕೊತ್ತಂಬರಿ ಪುಡಿ, ಉಪ್ಪು ಹಾಕಿ. ಕುದಿ ಬಂದಾಗ ಅರೆದದ್ದನ್ನು ಹುಯ್ದು, ಗಂಟಾಗದಂತೆ ತಿರುವುತ್ತ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಅಲ್ಲಿ ಒಗ್ಗರಣೆಗೆ ‘ಜಂಬೂ’ ಎಂಬ ಒಣ ಎಲೆ ಹಾಕುತ್ತಾರೆ. ನಮಗೆ ಇಂಗೇ ಸಾಕು. ಬಿಸಿ ರಾಗಿರೊಟ್ಟಿ, ತುಪ್ಪದ ಜೊತೆ ಬಡಿಸಿ.

ಬಡಿಸಿ ಎಂದೆನಲ್ಲ, ಆಮೇಲೆ ನೀವೂ ಜೊತೆಗೇ ಕೂತು ಊಟ ಮಾಡಿ. ಎಲ್ಲರದೂ ಮುಗಿದ ಮೇಲಲ್ಲ.